ಮನೆಯ ಮೇಲಣ ಆಂಟೆನಾ ಕಂಬಕ್ಕೆ ಭೂಸಂಪರ್ಕ

ನಮ್ಮ ಹಳ್ಳಿಗಳ ಅನೇಕ ಮನೆಗಳ ಮಾಳಿಗೆಯ ಮೇಲೆ ಟೆಲಿವಿಷನ್ ಆಂಟೆನಾಕ್ಕಾಗಿ ನಿಲ್ಲಿಸಿದ ಕಬ್ಬಿಣದ ಕಂಬಗಳು ಇಂದಿಗೂ ಉಳಿದಿವೆ. ದೂರದರ್ಶನದ ಭೂಪ್ರಸಾರವು ಬಹುಪಾಲು ನಿಂತುಹೋಗಿದ್ದರೂ ಕೆಲವರು ಅದೇ ಕಂಬಕ್ಕೆ ಡಿಶ್ಶನ್ನೋ ಇಂಟರ್‌ನೆಟ್ಟಿನ ಪೆಟ್ಟಿಗೆಯನ್ನೋ ಕಟ್ಟಿಕೊಂಡಿರುವರು. ಉಪಯೋಗಕ್ಕೆ ಬಾರದ ಕಂಬವನ್ನು ಇಳಿಸಿಬಿಡುವುದೇ ಲೇಸು. ಉಪಯೋಗದಲ್ಲಿರುವುದಕ್ಕೆ ಭೂಸಂಪರ್ಕವನ್ನು, ಎಂದರೆ ರೂಢಿಯಲ್ಲಿ ಅರ್ತಿಂಗ್ ಎಂಬುದನ್ನು, ಏಪ್ರಿಲ್ ಮೇ ತಿಂಗಳುಗಳ ಗುಡುಗುಮಳೆಗೆ ಮುಂಚೆಯೇ ಮಾಡಿಸತಕ್ಕದ್ದು.

ಭೂಸಂಪರ್ಕವು ಸಿಡಿಲನ್ನು ತಡೆಯುವುದೆಂದು ಹಲವರು ಭಾವಿಸಿರುವರು. ಇದು ಸರಿಯಲ್ಲ. ನೇರವಾಗಿ ಎರಗಿದ ಸಿಡಿಲಿನಿಂದ ಟೆಲಿವಿಷನ್ ಉಳಿದೀತೆಂದು ಯಾರೂ ಭರವಸೆ ಕೊಡಲಾರರು. ಕಂಬದಲ್ಲಿ ಸೇರುವ ವಿದ್ಯುತ್ತನ್ನು ಆಗಾಗ ನೆಲಕ್ಕೆ ಹರಿಯಬಿಡುವುದೂ, ಸಿಡಿಲು ಬಿದ್ದರೆ ಅದು ಮನೆಯೊಳಗೆ ನುಗ್ಗದಂತೆ ಹೊರಗಡೆಯೇ ದಾರಿ ಮಾಡಿಕೊಡುವುದೂ ಇದರ ಪ್ರಯೋಜನವು.

ನೆಲದಲ್ಲಿ ಹುಗಿಯುವುದಕ್ಕೆ ಸತುವಿನ ಲೇಪವುಳ್ಳ ಕಬ್ಬಿಣದ ಕೊಳವೆಯು ಸಾಕು. ಅದರ ಒಳವ್ಯಾಸವು 38 ಮಿಲಿಮೀಟರಿಗೂ ಉದ್ದವು 2.5 ಮೀಟರಿಗೂ ಕಡಿಮೆಯಿರಕೂಡದು. ಗೋಡೆಯಿಂದ 1.5 ಮೀಟರಾದರೂ ದೂರದಲ್ಲಿ, ತೇವವಿರುವ ಸ್ಥಳವನ್ನು ಆರಿಸಿಕೊಳ್ಳಬೇಕು. ಎರೆಯ ಭೂಮಿಯು ಬೇಸಗೆಯಲ್ಲಿ ಬಿರಿದು ಕೊಳವೆಯನ್ನು ಬಿಟ್ಟು ಸರಿಯುವುದರಿಂದ ಅಲ್ಲಿ ಆಗಾಗ್ಗೆ ನೀರು ಹಾಕುತ್ತಿರಬೇಕು. ಇದ್ದಲನ್ನೂ ಉಪ್ಪನ್ನೂ ತುಂಬುವ ವಾಡಿಕೆಯುಂಟು. ಆದರೆ ಉಪ್ಪು ಮಳೆಯಲ್ಲಿ ಕರಗಿಹೋಗುವುದಲ್ಲದೆ ಕಬ್ಬಿಣವನ್ನೂ ತಿನ್ನುವುದು.

ಕೊಟ್ಟಿಗೆಯ ಬಳಿಯಲ್ಲಿ ಮಾತ್ರ ಈ ಕೊಳವೆಯನ್ನು ಎಂದಿಗೂ ಹುಗಿಯಕೂಡದು. ಸಿಡಿಲಿನ ಪ್ರವಾಹವು ನೆಲದಲ್ಲಿ ಹರಡುವಾಗ ಹೆಜ್ಜೆಹೆಜ್ಜೆಗೂ ವೋಲ್ಟೇಜು ಬೇರೆಯಾಗುವುದು. ದನದ ಮುಂಗಾಲಿಗೂ ಹಿಂಗಾಲಿಗೂ ಅಂತರವು ಹೆಚ್ಚು. ಪ್ರವಾಹವು ಒಂದು ಕಾಲಿನಿಂದೇರಿ ಎದೆಯ ಮೂಲಕ ಹಾದು ಮತ್ತೊಂದರಿಂದ ಇಳಿಯುವುದು. ಮರದಡಿಯಲ್ಲಿ ನಿಂತ ಎತ್ತುಗಳು ಮೈಮೇಲೆ ಸಿಡಿಲು ಬೀಳದಿದ್ದರೂ ಸಾಯುವುದುಂಟಷ್ಟೆ. ಅದಕ್ಕೆ ಇದೂ ಒಂದು ಕಾರಣವು.

ಕಂಬದಿಂದ ಕೊಳವೆಗೆ 16 ಚದರ ಮಿಲಿಮೀಟರಿನ ತಾಮ್ರದ ತಂತಿಯನ್ನು ಮನೆಯ ಹೊರಗಿನಿಂದ ಆದಷ್ಟು ನೆಟ್ಟಗೆ ಇಳಿಸಬೇಕು. ಮೂಲೆಗಳಲ್ಲಿ ಅದನ್ನು ಥಟ್ಟನೆ ಬಗ್ಗಿಸದೆ ದುಂಡಾಗಿ ತಿರುಗಿಸತಕ್ಕದ್ದು. ಸೋಗೆ ಹುಲ್ಲುಗಳಿಗೆ ತಗುಲಿಸಕೂಡದು. ಬಿಗಿಯುವ ಜಾಗದಲ್ಲಿ ಬಣ್ಣವನ್ನೂ ತುಕ್ಕನ್ನೂ ಕೆರೆದು ತೆಗೆಯದಿದ್ದರೆ ತಂತಿ ಕಟ್ಟಿಯೂ ಕಟ್ಟದಂತೆಯೇ ಸರಿ.

ಇನ್ನು ಬಹುಮಂದಿ ತಪ್ಪುವ ವಿಷಯ. ಕಂಬದ ಕೊಳವೆಯನ್ನೂ ಮನೆಯ ವಿದ್ಯುತ್ತಿನ ಅರ್ತಿಂಗನ್ನೂ ಬೇರೆಬೇರೆಯಾಗಿ ಬಿಡಬಾರದು. ಎರಡನ್ನೂ ಅಂಥದೇ ದಪ್ಪ ತಂತಿಯಿಂದ ಕೂಡಿಸಬೇಕು. 10 ಓಮ್ ತಡೆಯಿರುವ ನೆಲದಲ್ಲಿ 30,000 ಆಂಪಿಯರಿನ ಸಿಡಿಲು ಇಳಿದರೆ ಅಲ್ಲಿಯ ವೋಲ್ಟೇಜು 3,00,000ಕ್ಕೆ ಏರುವುದು. ಮನೆಯ ಅರ್ತಿಂಗು ಪ್ರತ್ಯೇಕವಾಗಿದ್ದರೆ ಈ ವ್ಯತ್ಯಾಸವೆಲ್ಲವೂ ಟೆಲಿವಿಷನ್ನಿನ ಮೂಲಕವೇ, ಅದನ್ನು ಮುಟ್ಟಿದವರಿದ್ದರೆ ಅವರ ಮೂಲಕವೂ, ಹಾರಿ ಸಮವಾಗುವುದು. ಕೂಡಿಸಿದ್ದರೆ ಎರಡೂ ಒಟ್ಟಿಗೆ ಏರಿ ಒಟ್ಟಿಗೆ ಇಳಿಯುವುವು. ಈ ಜೋಡಣೆಯನ್ನು ಲೈಸನ್ಸುಳ್ಳ ಎಲೆಕ್ಟ್ರಿಷಿಯನ್ನನಿಂದಲೇ ಮಾಡಿಸಬೇಕು; ನ್ಯೂಟ್ರಲ್ ತಂತಿಗೆ ಸೇರಿಸಿದರೆ ಅಪಾಯವು ಹೆಚ್ಚುವುದು. ಆಂಟೆನಾದ ಕೇಬಲ್ಲಿನ ಹೊರಹೆಣಿಗೆಯನ್ನೂ ಅದು ಮನೆಯನ್ನು ಪ್ರವೇಶಿಸುವುದಕ್ಕೆ ಮೊದಲೇ ಇದೇ ಭೂಸಂಪರ್ಕಕ್ಕೆ ಸೇರಿಸತಕ್ಕದ್ದು.

ಸಿಡಿಲಿಗಿಂತಲೂ ಕಂಬವನ್ನು ಎತ್ತುವ ಗಳಿಗೆಯು ಭಯಂಕರವಾದುದು. ವಿದ್ಯುತ್ ಲೈನಿಗೆ ಕಂಬವು ತಾಕಿದರೆ ಹಿಡಿದವರೆಲ್ಲರೂ ಒಮ್ಮೆಗೇ ಸಾಯಬಹುದು. ಲೈನಿನಿಂದ ಕಂಬದ ಉದ್ದದ ಎರಡರಷ್ಟು ದೂರವಿಲ್ಲದೆ ಯಾವ ಕಂಬವನ್ನೂ ಎತ್ತಲೂ ಕೂಡದು, ಇಳಿಸಲೂ ಕೂಡದು. ಸ್ಥಳವು ಸಾಲದಿದ್ದರೆ ಲೈನಿನ ಅಧಿಕಾರಿಗಳಿಗೆ ತಿಳಿಸಿ ವಿದ್ಯುತ್ತನ್ನು ನಿಲ್ಲಿಸಿದ ಮೇಲೆಯೇ ಕೆಲಸಕ್ಕೆ ಕೈಹಾಕಬೇಕು.

ಮೋಡ ಕವಿಯುವ ಮುನ್ನವೇ ಟೆಲಿವಿಷನ್ನಿನ ಪ್ಲಗ್ಗನ್ನೂ ಕೇಬಲ್ಲನ್ನೂ ಬಿಡಿಸಿಡಬಹುದು; ಗುಡುಗು ಕೇಳಿದ ಮೇಲೆ ಅವನ್ನು ಮುಟ್ಟಲಾಗದು. ವರ್ಷಕ್ಕೊಮ್ಮೆ, ಯುಗಾದಿಯ ಸುಮಾರಿನಲ್ಲಿ, ಬಿಗಿಗಳನ್ನು ನೋಡಿ ಸಡಿಲವಾದುವನ್ನು ಬಲಪಡಿಸಿ, ಕೊಳವೆಯ ಬುಡಕ್ಕೆ ಎರಡು ಕೊಡ ನೀರು ಹೊಯ್ಯತಕ್ಕದ್ದು.