ಕೇಳುತ್ತಾ ಓದಲಿ ನಮ್ಮ ಮಕ್ಕಳು



"ಸಿಸ್ಟರ್, ಮಗ ಐದನೇ ಕ್ಲಾಸಿಗೆ ಬಂದ. ಇನ್ನೂ ಸರಿಯಾಗಿ ಓದುಕೆ ಬರೂದಿಲ್ಲ. ನಂಗೂ ಓದು ಬರೂದಿಲ್ಲ, ಹೇಳಿಕೊಡೂದು ಹೇಗೆ?" ಮಂಕಿ ಭಾಗದ ಸಂಘಗಳಲ್ಲಿ ಉಳಿತಾಯ, ಸಾಲದ ಲೆಕ್ಕ ಮುಗಿದ ಮೇಲೆ ಈ ಮಾತು ಬರುತ್ತದೆ. ಹೀಗೆ ಹಿಂದೆ ಬಿದ್ದ ಮಗು ಹೈಸ್ಕೂಲಿಗೆ ಹೋದಾಗ ಎಲ್ಲಾ ಪಾಠವೂ ಕಷ್ಟವಾಗಿ ಶಾಲೆಯನ್ನೇ ಬಿಡಬಹುದು. ಆದರೆ ಓದು ಬಾರದ ತಾಯಿಯೂ ಸಹಾಯ ಮಾಡಬಹುದು. ಅದಕ್ಕೊಂದು ಸಾಧನ ಆಡಿಯೋ ಪುಸ್ತಕ, ಅಂದರೆ ಓದಿ ಧ್ವನಿಮುದ್ರಣ ಮಾಡಿದ ಪುಸ್ತಕ.

ಮಗು ತಡವರಿಸುವುದು ಯಾಕೆ?

ಕನ್ನಡ ವರ್ಣಮಾಲೆಯಲ್ಲಿ 49 ಅಕ್ಷರಗಳು. ಕಾಗುಣಿತ, ಒತ್ತಕ್ಷರ ಸೇರಿದರೆ ಗುರುತಿಸಬೇಕಾದ ರೂಪಗಳು ನೂರಾರು. ಒಂದೊಂದೇ ಅಕ್ಷರ ಕೂಡಿಸಿ ಓದುವ ಮಗುವಿಗೆ ಸಾಲಿನ ಕೊನೆ ಮುಟ್ಟುವಾಗ ಮೊದಲು ಓದಿದ್ದು ಮರೆತಿರುತ್ತದೆ.

ಇನ್ನೊಂದು ಕಾರಣ ಭಾಷೆ. ನಮ್ಮಲ್ಲಿ ಕೆಲವರ ಮನೆಮಾತು ಕೊಂಕಣಿ, ಕೆಲವರದು ನವಾಯತಿ. ಕನ್ನಡದ ಮನೆಯಲ್ಲೂ ಆಡುವ ಕನ್ನಡ ಬೇರೆ, ಪುಸ್ತಕದ ಕನ್ನಡ ಬೇರೆ. ಕಿವಿಗೆ ಬೀಳದ ಪದವನ್ನು ಕಣ್ಣು ಬೇಗ ಗುರುತಿಸುವುದಿಲ್ಲ. ಇದು ದಡ್ಡತನ ಅಲ್ಲ, ಬೈಯಬೇಡಿ.

ಇದು ಹೊಸ ವಿಚಾರವೇ?

ಅಲ್ಲ. 2000ರ ದಶಕದಲ್ಲಿ ಆಕಾಶವಾಣಿಯ 'ಕೇಳಿ ಕಲಿ' ಕಾರ್ಯಕ್ರಮವನ್ನು ನಮ್ಮ ರಾಜ್ಯದ ಶಾಲಾ ಮಕ್ಕಳು ಕೇಳಿದ್ದಾರೆ. ಪ್ರಥಮ್ ಬುಕ್ಸ್ ಸಂಸ್ಥೆಯವರು 2015ರಲ್ಲಿ ಆರಂಭಿಸಿದ 'ಸ್ಟೋರಿವೀವರ್' ಎಂಬ ಇಂಟರ್ನೆಟ್ ತಾಣದಲ್ಲಿ ಕನ್ನಡದ ಮಕ್ಕಳ ಕಥೆಗಳು ಉಚಿತವಾಗಿ ಸಿಗುತ್ತವೆ. ಇಂಟರ್ನೆಟ್ ಇಲ್ಲದವರು ನಾವೇ ಆಡಿಯೋ ಪುಸ್ತಕ ಮಾಡಿಕೊಳ್ಳಬಹುದು.

ಮನೆಯಲ್ಲಿ ಮಾಡುವ ಕ್ರಮ

1. ಓದು ಬರುವ ಸಹೋದರಿ ಅಥವಾ ಹೈಸ್ಕೂಲಿನ ಹುಡುಗಿ ಮಗುವಿನ ಪಠ್ಯಪುಸ್ತಕದ ಒಂದು ಪುಟವನ್ನು ನಿಧಾನವಾಗಿ ಓದಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಲಿ.

2. ಮೊದಲ ಸಲ ಮಗು ಬರೇ ಕೇಳಲಿ. ಏನು ಅರ್ಥ ಆಯ್ತು ಅಂತ ಮನೆಮಾತಿನಲ್ಲೇ ವಿಚಾರಿಸಿ.

3. ಎರಡನೇ ಸಲ ಪುಸ್ತಕ ಬಿಡಿಸಿ, ಕೇಳುವ ಪದದ ಕೆಳಗೆ ಬೆರಳು ಇಡುತ್ತಾ ಹೋಗಲಿ.

4. ಮೂರನೇ ಸಲ ಧ್ವನಿಯ ಜೊತೆಗೆ ತಾನೂ ಗಟ್ಟಿಯಾಗಿ ಓದಲಿ.

5. ಕೊನೆಗೆ ಮೊಬೈಲು ಬಂದ್ ಮಾಡಿ ಮಗು ತಾನಾಗಿಯೇ ಓದಲಿ.

ಮೂರನೇ ಮತ್ತು ಐದನೇ ಹೆಜ್ಜೆ ಬಿಡಬೇಡಿ. ಬರೇ ಕೇಳಿದರೆ ಕಥೆ ಗೊತ್ತಾಗುತ್ತದೆ, ಓದು ಬರುವುದಿಲ್ಲ. ತಪ್ಪು ಗುರುತಿಸುವುದು ಹೇಗೆ ಅಂತ ಕೇಳುತ್ತೀರಾ? ಮಗು ಒಂದು ಸಾಲು ಓದಿದ ಮೇಲೆ ಅದೇ ಸಾಲನ್ನು ಮೊಬೈಲಿನಲ್ಲಿ ಕೇಳಿ. ಎರಡೂ ಒಂದೇ ಇದ್ದರೆ ಸರಿ. ಬಾಯಿಪಾಠ ಆಗಿದೆಯೋ ಅಂತ ನೋಡಲು ನಡುವಿನ ಪದವೊಂದಕ್ಕೆ ಬೆರಳಿಟ್ಟು ಇದೇನು ಎಂದು ಕೇಳಿ. ತಡೆದರೆ ಪುನಃ ಮೂರನೇ ಹೆಜ್ಜೆ.

ದಿನಕ್ಕೆ ಹದಿನೈದು ನಿಮಿಷ ಸಾಕು. ಆ ಹೊತ್ತು ಮೊಬೈಲು ತಾಯಿಯ ಕೈಯಲ್ಲೇ ಇರಲಿ. ಅಕ್ಷರವೇ ಗೊತ್ತಿಲ್ಲದ ಮಗುವಿಗೆ ಮೊದಲು ಟೀಚರ ಸಹಾಯದಿಂದ ಅಕ್ಷರ ಕಲಿಸಿ. ಕಣ್ಣು, ಕಿವಿಯ ತೊಂದರೆ ಇದೆಯೆಂಬ ಸಂಶಯ ಇದ್ದರೆ ಸರಕಾರಿ ಆಸ್ಪತ್ರೆಯಲ್ಲಿ ತೋರಿಸಿ.

ಸಭೆಯಲ್ಲಿ ಚರ್ಚಿಸಿರಿ

1. ನಮ್ಮ ಸಂಘದ ಎಷ್ಟು ಮನೆಗಳಲ್ಲಿ ಓದಲು ಕಷ್ಟಪಡುವ ಮಕ್ಕಳಿದ್ದಾರೆ?

2. ವಾರಕ್ಕೊಂದು ಪಾಠ ಓದಿ ರೆಕಾರ್ಡ್ ಮಾಡಿಕೊಡಲು ನಮ್ಮಲ್ಲಿ ಯಾರು ಮುಂದೆ ಬರುತ್ತಾರೆ?

ತೀರ್ಮಾನವನ್ನು ನಡಾವಳಿ ಪುಸ್ತಕದಲ್ಲಿ ಬರೆಯಿರಿ. ಒಂದು ತಿಂಗಳ ನಂತರ ಮಕ್ಕಳನ್ನು ಸಭೆಗೆ ಕರೆದು ಓದಿಸಿ ಕೇಳಿರಿ.