ಎರಡನೆಯ ನಾಯಿ: ಮನೆಗೆ ತರುವ ಮುನ್ನ ಯೋಚಿಸಬೇಕಾದ ಅಂಶಗಳು

ಹೊಲ, ತೋಟ, ಕೊಟ್ಟಿಗೆ ಇರುವ ಮನೆಗೆ ನಾಯಿ ಹೊಸದಲ್ಲ. ಬೆಳೆ ಕಾಯಲು, ಕೋಳಿಗೂಡಿನ ಬಳಿ ಮುಂಗುಸಿ ಸುಳಿಯದಂತೆ ನೋಡಿಕೊಳ್ಳಲು, ರಾತ್ರಿ ಪಂಪ್‌ಸೆಟ್ಟಿನ ಕೇಬಲ್ ಕದಿಯಲು ಬಂದವರನ್ನು ಬೊಗಳಿ ಓಡಿಸಲು ಒಂದು ನಾಯಿಯನ್ನು ಸಾಕುವುದು ವಾಡಿಕೆ. ಎರಡನೆಯ ನಾಯಿಯ ಪ್ರಶ್ನೆ ಬರುವುದು ಬೇರೆ ರೀತಿಯಲ್ಲಿ. ಹೆಬ್ಬಾಳ, ಆರ್.ಟಿ. ನಗರ, ಯಶವಂತಪುರದ ಕಡೆ ವಾಸಿಸುವ ಕುಟುಂಬಗಳಿಗೆ ವರ್ಗಾವಣೆ ಆಗಬಹುದು, ಬಾಡಿಗೆ ಮನೆ ಬದಲಾಗಬಹುದು, ಮನೆಯ ಹಿರಿಯರಿಗೆ ನಾಯಿಯನ್ನು ನೋಡಿಕೊಳ್ಳಲು ಆಗದಿರಬಹುದು. ಆಗ ಅವರು ಸಾಕಿದ ನಾಯಿಗೆ ಜಾಗವಿರುವವರನ್ನು ಹುಡುಕುತ್ತಾರೆ. ಯಲಹಂಕ, ರಾಜಾನುಕುಂಟೆ, ಹೆಸರಘಟ್ಟ, ಬಾಗಲೂರು ಸುತ್ತಿನ ರೈತರ ನೆನಪು ಬರುವುದು ಆಗಲೇ. ಕೇಳುವವರು ನಾವು ದಿನವೂ ಹಾಲು, ತರಕಾರಿ ಹಾಕುವ ಮನೆಯವರೇ ಆಗಿದ್ದರೆ ಇಲ್ಲ ಎನ್ನಲು ಸಂಕೋಚವಾಗುತ್ತದೆ.

ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದರು ಎಂಬ ಗಾದೆಯಿದೆ. ನಾಯಿಯ ವಿಷಯದಲ್ಲಿ ಮಾತ್ರ ಮೊಳ ಹಾಕಿ ನೋಡುವುದೇ ಸರಿ. ನಾಯಿಯ ಆಯುಷ್ಯ ಸಾಮಾನ್ಯವಾಗಿ 10 ರಿಂದ 14 ವರ್ಷ. ಮೂರು ವರ್ಷದ ನಾಯಿಯನ್ನು ಇಂದು ತಂದರೆ ಮುಂದಿನ ಎಂಟು, ಹತ್ತು ವರ್ಷಗಳ ಹೊಣೆಯನ್ನು ತಂದಂತೆ.

ಅಗತ್ಯವಿದೆಯೇ?

ಮೊದಲನೆಯ ನಾಯಿ ಮಾಡದ ಯಾವ ಕೆಲಸವನ್ನು ಎರಡನೆಯದು ಮಾಡಬೇಕು ಎಂಬ ಪ್ರಶ್ನೆಗೆ ಮನೆಯವರೆಲ್ಲ ಕುಳಿತು ಉತ್ತರ ಕಂಡುಕೊಳ್ಳಬೇಕು. ಮನೆ ಒಂದು ಕಡೆ, ತೋಟ ಒಂದು ಕಡೆ ಇದ್ದು ಎರಡು ಕಡೆಯೂ ಕಾವಲು ಬೇಕಾಗಿದ್ದರೆ ಅದು ಸರಿಯಾದ ಕಾರಣ. ಇರುವ ನಾಯಿಗೆ ವಯಸ್ಸಾಗಿ ಕಿವಿ, ಕಣ್ಣು ಮಂದವಾಗಿದ್ದರೆ ಅದೂ ಸರಿಯೇ. ಆದರೆ ಈಗಿರುವ ನಾಯಿ ಬೊಗಳುವುದಿಲ್ಲ, ಕೋಳಿ ಅಟ್ಟುತ್ತದೆ, ಹೇಳಿದ ಮಾತು ಕೇಳುವುದಿಲ್ಲ ಎಂಬ ಕಾರಣಕ್ಕೆ ಇನ್ನೊಂದನ್ನು ತರುವುದು ತಪ್ಪು. ಹೊಸದು ಹಳೆಯದರಿಂದಲೇ ಕಲಿಯುತ್ತದೆ.

ಇನ್ನೊಂದು ವಿಷಯವನ್ನು ಅನೇಕರು ಮರೆಯುತ್ತಾರೆ. ಒಂಟಿಯಾಗಿದ್ದಾಗ ಬೇಲಿ ದಾಟದ ನಾಯಿ ಜೊತೆ ಸಿಕ್ಕಿದ ಮೇಲೆ ದಾಟುತ್ತದೆ. ಎರಡು ನಾಯಿಗಳು ಸೇರಿದರೆ ಪಕ್ಕದವರ ಕುರಿ, ಮೇಕೆಯನ್ನು ಅಟ್ಟುವ, ದ್ವಿಚಕ್ರ ವಾಹನದ ಹಿಂದೆ ಓಡುವ ಧೈರ್ಯ ಹೆಚ್ಚುತ್ತದೆ. ಸುತ್ತ ಕುರಿ ಮಂದೆ ಓಡಾಡುವ ಊರಿನಲ್ಲಿ ಇದು ನೆರೆಹೊರೆಯ ಜಗಳಕ್ಕೆ ಕಾರಣವಾಗುತ್ತದೆ. ಬೇಲಿ ಭದ್ರವಿಲ್ಲದವರು ಎರಡನೆಯ ನಾಯಿಯ ಯೋಚನೆಗೆ ಮೊದಲು ಬೇಲಿಯ ಯೋಚನೆ ಮಾಡಬೇಕು.

ಖರ್ಚಿನ ಲೆಕ್ಕ

ನಾಯಿ ಬಿಟ್ಟಿಯಾಗಿ ಬರುತ್ತದೆ, ಸಾಕಣೆ ಬಿಟ್ಟಿಯಲ್ಲ. ಸುಮಾರು 20 ಕಿಲೋ ತೂಕದ, ಓಡಾಡಿಕೊಂಡಿರುವ ನಾಯಿಗೆ ದಿನಕ್ಕೆ ಕಾಲು ಕಿಲೋ ರಾಗಿ ಹಿಟ್ಟಿನ ಮುದ್ದೆ ಅಥವಾ ಅಂಬಲಿ, ಕಾಲು ಲೀಟರ್ ಹಾಲು ಇಲ್ಲವೆ ಮೊಸರು ಹಾಗೂ ಒಂದು ಬೇಯಿಸಿದ ಮೊಟ್ಟೆ ಬೇಕೆಂದು ಇಟ್ಟುಕೊಳ್ಳೋಣ. ವರ್ಷಕ್ಕೆ 91 ಕಿಲೋ ರಾಗಿ, 91 ಲೀಟರ್ ಹಾಲು, 365 ಮೊಟ್ಟೆಗಳಾದವು. ಡೈರಿಯಲ್ಲಿ ನಿಮಗೆ ಸಿಗುವ ದರದಿಂದ ಹಾಲನ್ನೂ, ಸಂತೆಯ ದರದಿಂದ ಉಳಿದದ್ದನ್ನೂ ಗುಣಿಸಿ ನೋಡಿರಿ. ಇದಕ್ಕೆ ಲಸಿಕೆ, ಜಂತುನಾಶಕ, ಉಣ್ಣೆಯ ಔಷಧ ಸೇರಿಸಬೇಕು. 35 ಕಿಲೋ ತೂಗುವ ದೊಡ್ಡ ಜಾತಿಯ ನಾಯಿಯಾದರೆ ಆಹಾರ ಸುಮಾರು ಒಂದೂವರೆ ಪಟ್ಟು ಆಗುತ್ತದೆ.

ಪಟ್ಟಣದ ಮನೆಯಲ್ಲಿ ಅಂಗಡಿಯ ಒಣ ಆಹಾರ ತಿಂದು ಬೆಳೆದ ನಾಯಿಗೆ ಒಮ್ಮೆಲೆ ಮುದ್ದೆ ಹಾಕಿದರೆ ಭೇದಿ ಆಗಬಹುದು. ಹಳೆಯ ಆಹಾರವನ್ನು ಕಡಿಮೆ ಮಾಡುತ್ತ, ಮನೆಯ ಆಹಾರವನ್ನು ಹೆಚ್ಚಿಸುತ್ತ ಏಳರಿಂದ ಹತ್ತು ದಿನಗಳಲ್ಲಿ ಬದಲಾಯಿಸಬೇಕು. ಈರುಳ್ಳಿ, ಬೆಳ್ಳುಳ್ಳಿ ಸೇರಿದ ಸಾರು ನಾಯಿಗೆ ಒಳ್ಳೆಯದಲ್ಲ. ದ್ರಾಕ್ಷಿ ಮತ್ತು ಒಣದ್ರಾಕ್ಷಿ ಮೂತ್ರಪಿಂಡಕ್ಕೆ ವಿಷ. ದೊಡ್ಡಬಳ್ಳಾಪುರ, ದೇವನಹಳ್ಳಿ ಕಡೆಯ ದ್ರಾಕ್ಷಿ ತೋಟದವರು ಉದುರಿದ ಹಣ್ಣಿನ ಬಗ್ಗೆ ಎಚ್ಚರವಾಗಿರಬೇಕು. ಬೇಯಿಸಿದ ಕೋಳಿ ಮೂಳೆ ಸೀಳಿ ಗಂಟಲು, ಕರುಳಿಗೆ ಚುಚ್ಚುತ್ತದೆ. ಇಲಿ ಪಾಷಾಣ ಇಡುವ ಉಗ್ರಾಣಕ್ಕೆ ಯಾವ ನಾಯಿಯನ್ನೂ ಬಿಡಬಾರದು.

ಸಾಕಿದವರನ್ನು ಕೇಳಬೇಕಾದ ಪ್ರಶ್ನೆಗಳು

ನಾಯಿಯನ್ನು ಅವರ ಮನೆಯಲ್ಲಿಯೇ, ಸಾಧ್ಯವಾದರೆ ಎರಡು ಬಾರಿ ಬೇರೆ ಬೇರೆ ಹೊತ್ತಿನಲ್ಲಿ ನೋಡಬೇಕು. ಕೆಳಗಿನ ಪ್ರಶ್ನೆಗಳನ್ನು ಸಂಕೋಚವಿಲ್ಲದೆ ಕೇಳಿರಿ.

1. ಏಕೆ ಕೊಡುತ್ತಿದ್ದೀರಿ? ಇದಕ್ಕೆ ಮೊದಲು ಇನ್ನೊಂದು ಮನೆಗೆ ಹೋಗಿ ವಾಪಸು ಬಂದಿದೆಯೇ?

2. ಯಾರಿಗಾದರೂ, ಯಾವ ಪ್ರಾಣಿಗಾದರೂ ಕಚ್ಚಿದೆಯೇ? ಯಾವ ಸಂದರ್ಭದಲ್ಲಿ?

3. ಲಸಿಕೆಯ ಪುಸ್ತಕ ಎಲ್ಲಿದೆ? ಕೊನೆಯ ಹುಚ್ಚುನಾಯಿ ರೋಗದ ಲಸಿಕೆ ಹಾಕಿಸಿದ ದಿನಾಂಕ ಯಾವುದು?

4. ಬೇರೆ ನಾಯಿಗಳ ಜೊತೆ ಬೆಳೆದಿದೆಯೇ? ದನ, ಕೋಳಿ, ಬೆಕ್ಕನ್ನು ಎಂದಾದರೂ ನೋಡಿದೆಯೇ?

5. ಗುಡುಗು, ಪಟಾಕಿಗೆ ಏನು ಮಾಡುತ್ತದೆ? ಒಂಟಿಯಾಗಿ ಬಿಟ್ಟರೆ ಕೂಗುತ್ತದೆಯೇ?

6. ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿದೆಯೇ? ಹೆಣ್ಣಾದರೆ ಕೊನೆಯ ಬಾರಿ ಬೆದೆಗೆ ಬಂದದ್ದು ಯಾವಾಗ?

ಬಾಯಿಮಾತಿಗಿಂತ ಲಸಿಕೆಯ ಪುಸ್ತಕ ಹೆಚ್ಚು ನಂಬಿಕೆಗೆ ಅರ್ಹ. ಅದರಲ್ಲಿರುವ ಪಶುವೈದ್ಯರನ್ನು ಸಾಕಿದವರ ಒಪ್ಪಿಗೆಯಿಂದ ವಿಚಾರಿಸಬಹುದು. ನಾಯಿ ಊಟ ಮಾಡುವಾಗ ಸಾಕಿದವರೇ ತಟ್ಟೆಯ ಹತ್ತಿರ ಹೋಗಲು ಅಂಜುತ್ತಿದ್ದರೆ, ಅಪರಿಚಿತರು ಬಂದಾಗ ಕೋಣೆಯಲ್ಲಿ ಕೂಡಿ ಹಾಕುತ್ತಿದ್ದರೆ, ಮನೆಯಲ್ಲಿ ಚಿಕ್ಕ ಮಕ್ಕಳಿರುವವರು ಅಂತಹ ನಾಯಿಯನ್ನು ತರಬಾರದು. ಮರಿ ಕೊಡುತ್ತೇವೆಂದರೆ 8 ವಾರ ತುಂಬುವ ಮೊದಲು ತಾಯಿಯಿಂದ ಬಿಡಿಸಿ ತರಬಾರದು.

ಜಾತಿಯನ್ನೂ ನೋಡಬೇಕು. ಲ್ಯಾಬ್ರಡಾರ್ ಎಲ್ಲರ ಸ್ನೇಹಿತ. ಕಾವಲಿಗೆಂದು ತಂದರೆ ನಿರಾಶೆಯಾಗಬಹುದು. ನಮ್ಮ ರಾಜ್ಯದ ಹೆಮ್ಮೆಯ ಮುಧೋಳ ನಾಯಿಗೆ 2005ರಲ್ಲಿ ಅಂಚೆ ಚೀಟಿಯ ಗೌರವ ಸಿಕ್ಕಿತು. ಆದರೆ ಅದು ಕಣ್ಣಿಗೆ ಬಿದ್ದ ಬೇಟೆಯನ್ನು ಅಟ್ಟಿ ಹಿಡಿಯುವ ಜಾತಿ. ಬಿಟ್ಟ ಕೋಳಿ, ಮೇಕೆ ಮರಿ ಇರುವ ಅಂಗಳಕ್ಕೆ ಯೋಚಿಸಿ ತರಬೇಕು. ದಟ್ಟ ಕೂದಲಿನ ಶೀತ ದೇಶದ ಜಾತಿಗಳಿಗೆ ನಮ್ಮ ಬೇಸಿಗೆಯ ತಗಡಿನ ಮಾಡು ನರಕವೇ ಸರಿ. ಈ ಎಲ್ಲ ದೃಷ್ಟಿಯಿಂದ ನಾಟಿ ನಾಯಿ ಹಗುರ ಖರ್ಚಿನದು, ಗಟ್ಟಿಮುಟ್ಟಾದುದು.

ಮೊದಲನೆಯ ನಾಯಿಯ ಅಭಿಪ್ರಾಯ

ಇರುವ ನಾಯಿ ಗಂಡಾದರೆ ಹೆಣ್ಣು, ಹೆಣ್ಣಾದರೆ ಗಂಡು ಸಾಮಾನ್ಯವಾಗಿ ಬೇಗ ಹೊಂದಿಕೊಳ್ಳುತ್ತವೆ. ಒಂದೇ ಮನೆಯ ಎರಡು ಹೆಣ್ಣು ನಾಯಿಗಳ ನಡುವೆ ಹತ್ತಿದ ಜಗಳ ಬಹಳ ಸಾರಿ ಬಿಡಿಸಲಾಗದ ಜಗಳ. ಆದರೆ ಗಂಡು ಹೆಣ್ಣು ಎರಡಕ್ಕೂ ಶಸ್ತ್ರಚಿಕಿತ್ಸೆ ಆಗಿರದಿದ್ದರೆ ಇನ್ನೊಂದು ತೊಂದರೆ. ಹೆಣ್ಣು ನಾಯಿ ಸುಮಾರು ಆರೇಳು ತಿಂಗಳಿಗೊಮ್ಮೆ ಬೆದೆಗೆ ಬರುತ್ತದೆ. ಗಬ್ಬದ ಅವಧಿ ಸುಮಾರು 63 ದಿನ. ಸೂಲಿಗೆ ಐದು ಮರಿಗಳಂತೆ ವರ್ಷಕ್ಕೆ ಹತ್ತು ಮರಿಗಳಾದರೆ ಕೊಡುವವರ ಸ್ಥಾನದಲ್ಲಿ ನಾವೇ ನಿಲ್ಲುತ್ತೇವೆ. ಆದ್ದರಿಂದ ಕನಿಷ್ಠ ಹೆಣ್ಣಿಗಾದರೂ ಶಸ್ತ್ರಚಿಕಿತ್ಸೆ ಮಾಡಿಸಿದ ನಂತರವೇ ಎರಡನ್ನೂ ಒಟ್ಟಿಗೆ ಬಿಡಬೇಕು.

ರೋಗ ತರಬೇಡಿ

ಹೊಸ ಹಸುವನ್ನು ತಂದಾಗ ಕೆಲವು ದಿನ ಬೇರೆ ಕಟ್ಟುವ ಪದ್ಧತಿಯನ್ನೇ ನಾಯಿಗೂ ಅನುಸರಿಸಬೇಕು. 14 ದಿನ ಬೇರೆ ಜಾಗ, ಬೇರೆ ತಟ್ಟೆ, ಬೇರೆ ನೀರು. ಪಾರ್ವೋ ವೈರಸ್ಸಿನ ರಕ್ತಭೇದಿ ಈ ಅವಧಿಯೊಳಗೆ ತೋರಿಕೊಳ್ಳುತ್ತದೆ. ಡಿಸ್ಟೆಂಪರ್ ಸಹ ಬಹುತೇಕ ತೋರಿಕೊಳ್ಳುತ್ತದೆ. ತಂದ ವಾರದೊಳಗೆ ಪಶುವೈದ್ಯರಿಗೆ ತೋರಿಸಬೇಕು. ಹತ್ತಿರದ ಸರ್ಕಾರಿ ಪಶು ಆಸ್ಪತ್ರೆ ಅಥವಾ 1958ರಲ್ಲಿ ಪ್ರಾರಂಭವಾದ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಕರೆದೊಯ್ಯಬಹುದು.

ಹುಚ್ಚುನಾಯಿ ರೋಗದ ಲಸಿಕೆಯನ್ನು ಮರಿಗೆ ಮೂರು ತಿಂಗಳಾದಾಗ ಹಾಕಿಸಿ, ವೈದ್ಯರು ಹೇಳಿದಂತೆ ಮತ್ತೊಮ್ಮೆ ಹಾಕಿಸಿ, ಆಮೇಲೆ ವರ್ಷಕ್ಕೊಮ್ಮೆ ಹಾಕಿಸಬೇಕು. ಪುಸ್ತಕವಿಲ್ಲದ ನಾಯಿಗೆ ಲಸಿಕೆ ಆಗಿಲ್ಲವೆಂದೇ ಭಾವಿಸಬೇಕು. ಈ ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಮನುಷ್ಯನಾಗಲಿ ಪಶುವಾಗಲಿ ಬದುಕುವುದಿಲ್ಲವೆಂದೇ ಹೇಳಬೇಕು. ಲಕ್ಷಣ ಕಾಣಿಸಲು ವಾರಗಳು, ತಿಂಗಳುಗಳೂ ಹಿಡಿಯುವುದರಿಂದ 14 ದಿನ ಚೆನ್ನಾಗಿತ್ತು ಎಂಬುದು ಇದಕ್ಕೆ ಪುರಾವೆಯಾಗದು.

ಯಾವ ನಾಯಿ ಕಚ್ಚಿದರೂ ಗಾಯವನ್ನು ಹರಿಯುವ ನೀರು ಮತ್ತು ಸೋಪಿನಿಂದ 15 ನಿಮಿಷ ತೊಳೆದು ಕೂಡಲೇ ಆಸ್ಪತ್ರೆಗೆ ಹೋಗಬೇಕು. ಅರಿಶಿನ, ಸುಣ್ಣ, ಮೆಣಸಿನಪುಡಿ ಹಚ್ಚಬಾರದು. ಹೊಕ್ಕುಳ ಸುತ್ತ 14 ಚುಚ್ಚುಮದ್ದು ಎಂಬ ಭಯ ಇಂದಿಗೂ ಹಳ್ಳಿಗಳಲ್ಲಿದೆ. ಕುರಿಯ ಮೆದುಳಿನಿಂದ ತಯಾರಿಸುತ್ತಿದ್ದ ಆ ಲಸಿಕೆ ನಮ್ಮ ದೇಶದಲ್ಲಿ 2005ರ ಹೊತ್ತಿಗೇ ನಿಂತುಹೋಗಿದೆ. ಈಗಿನ ಲಸಿಕೆಯನ್ನು ತೋಳಿಗೆ ನಾಲ್ಕೈದು ಬಾರಿ ಕೊಡುತ್ತಾರೆ. ಗಾಯ ಆಳವಾಗಿದ್ದರೆ ಗಾಯದ ಸುತ್ತಲೂ ಪ್ರತ್ಯೇಕ ಔಷಧ ಕೊಡುತ್ತಾರೆ. ಕಚ್ಚಿದ ನಾಯಿಯನ್ನು ಹತ್ತು ದಿನ ಗಮನಿಸಬೇಕು ನಿಜ, ಆದರೆ ಆ ಹತ್ತು ದಿನ ಲಸಿಕೆಗೆ ಕಾಯಬಾರದು. ಹಸು, ಎಮ್ಮೆಗೆ ಕಚ್ಚಿದರೂ ಅಂದೇ ಪಶುವೈದ್ಯರಿಗೆ ತಿಳಿಸಬೇಕು.

ಜಂತು ರೋಗ ರೈತರಿಗೆ ಇನ್ನೂ ಹತ್ತಿರದ ವಿಷಯ. ನಾಯಿಯ ಕರುಳಿನಲ್ಲಿರುವ ಲಾಡಿ ಹುಳುವಿನ ಮೊಟ್ಟೆ ಮಲದ ಮೂಲಕ ಹುಲ್ಲಿಗೆ ಸೇರಿ ಕುರಿಯ ಹೊಟ್ಟೆಗೆ ಹೋದರೆ ಮೆದುಳಿನಲ್ಲಿ ನೀರು ತುಂಬಿದ ಗುಳ್ಳೆಯಾಗಿ ಕುರಿ ತಲೆ ವಾಲಿಸಿ ಸುತ್ತತೊಡಗುತ್ತದೆ. ಇನ್ನೊಂದು ಜಾತಿಯ ಲಾಡಿ ಹುಳು ಮನುಷ್ಯರ ಪಿತ್ತಜನಕಾಂಗ, ಶ್ವಾಸಕೋಶಗಳಲ್ಲಿಯೂ ಇಂತಹ ಗುಳ್ಳೆ ಎಬ್ಬಿಸುತ್ತದೆ. ಸತ್ತ ಕುರಿಯ ತಲೆ, ಹಸಿ ಕರುಳು, ಶ್ವಾಸಕೋಶಗಳನ್ನು ನಾಯಿಗೆ ಎಸೆಯದಿದ್ದರೆ ಈ ಸುತ್ತು ಕಡಿಯುತ್ತದೆ. ಬೆಳೆದ ನಾಯಿಗೆ ಮೂರು ತಿಂಗಳಿಗೊಮ್ಮೆ ವೈದ್ಯರ ಸಲಹೆಯಂತೆ ಜಂತುನಾಶಕ ಕೊಡಬೇಕು. ದನಕ್ಕೆ ತಂದ ಉಣ್ಣೆಯ ಔಷಧವನ್ನು ಅದೇ ಪ್ರಮಾಣದಲ್ಲಿ ನಾಯಿಗೆ ಬಳಸಬಾರದು. ದನದ ಐವರ್‌ಮೆಕ್ಟಿನ್ ಚುಚ್ಚುಮದ್ದು ಕೋಲಿಯಂತಹ ಜಾತಿಗಳಿಗೆ ಪ್ರಾಣಾಂತಕ. ಮನುಷ್ಯರ ನೋವಿನ ಮಾತ್ರೆಯೂ ಬೇಡ.

ಪರಿಚಯ ಮಾಡಿಸುವ ಕ್ರಮ

ಬೇರೆ ಇಟ್ಟ ದಿನಗಳು ಮುಗಿದ ಮೇಲೆ ಎರಡು ನಾಯಿಗಳನ್ನು ಮನೆಯ ಅಂಗಳದಲ್ಲಿ ಎದುರುಬದುರು ಬಿಡಬಾರದು. ಅಂಗಳ ಹಳೆಯ ನಾಯಿಯ ಸ್ವತ್ತು. ಇಬ್ಬರು ಒಂದೊಂದು ನಾಯಿಯನ್ನು ಹಿಡಿದು ಕೊಯ್ಲಾದ ಹೊಲ ಅಥವಾ ಜನವಿಲ್ಲದ ದಾರಿಯಲ್ಲಿ 20, 30 ಅಡಿ ಅಂತರದಲ್ಲಿ ಒಂದೇ ದಿಕ್ಕಿಗೆ ನಡೆಸಬೇಕು. ಶಾಂತವಾಗಿದ್ದರೆ ದಿನದಿನಕ್ಕೆ ಅಂತರ ಕಡಿಮೆ ಮಾಡಬೇಕು. ಮೈ ಬಿಗಿದು, ಬೆನ್ನಿನ ಕೂದಲು ನಿಮಿರಿಸಿ, ಕಣ್ಣು ಮಿಟುಕಿಸದೆ ದಿಟ್ಟಿಸಿದರೆ ಮತ್ತೆ ದೂರ ಸರಿಸಬೇಕು. ಹಗ್ಗವನ್ನು ಬಿಗಿಯಾಗಿ ಜಗ್ಗಿದರೆ ಸಿಟ್ಟು ಹೆಚ್ಚುತ್ತದೆ. ಮನೆಯಲ್ಲಿ ಕನಿಷ್ಠ ಎರಡು ವಾರ ಬೇರೆ ಬೇರೆ ಕಡೆ ಊಟ ಹಾಕಿ, ರಾತ್ರಿ ಬೇರೆ ಬೇರೆ ಕಟ್ಟಬೇಕು. ಊಟ ಮೊದಲು ಹಳೆಯದಕ್ಕೆ.

ಜಗಳವಾದರೆ ಕೈ ಹಾಕಿ ಬಿಡಿಸಬಾರದು. ಬಕೆಟ್ ನೀರು ಎರಚಿರಿ, ಅಥವಾ ಹಲಗೆಯನ್ನು ನಡುವೆ ತಳ್ಳಿರಿ. ದನ, ಕೋಳಿಗಳ ಪರಿಚಯವೂ ಹಗ್ಗದಲ್ಲಿ ಹಿಡಿದೇ ಆಗಬೇಕು. ಹೊಸದಾಗಿ ಕರು ಹಾಕಿದ ಹಸುವಿನ ಬಳಿ ಹೊಸ ನಾಯಿಯನ್ನು ಬಿಡಬಾರದು.

ಒಂದು ಉದಾಹರಣೆ

ಎರಡು ಎಕರೆ ತೋಟ, ನಾಲ್ಕು ಸೀಮೆ ಹಸು, ಶಸ್ತ್ರಚಿಕಿತ್ಸೆ ಆಗದ ಒಂದು ಹೆಣ್ಣು ನಾಟಿ ನಾಯಿ ಇರುವ ರೈತರನ್ನು ಊಹಿಸಿಕೊಳ್ಳೋಣ. ನಾಲ್ಕು ವರ್ಷದ ಗಂಡು ಲ್ಯಾಬ್ರಡಾರ್ ಬರುತ್ತಿದೆ. ಲಸಿಕೆ ಆಗಿದೆ, ಯಾರಿಗೂ ಕಚ್ಚಿಲ್ಲ, ಆದರೆ ದನವನ್ನು ಹತ್ತಿರದಿಂದ ನೋಡಿಲ್ಲ. ತೋಟಕ್ಕೆ ಮೂರು ಕಡೆ ಬೇಲಿಯಿದೆ. ಇಲ್ಲಿ ಉತ್ತರ ‘ಇಲ್ಲ’ ಅಲ್ಲ, ‘ಈಗ ಬೇಡ’. ಮೊದಲು ನಾಲ್ಕನೆಯ ಕಡೆಯ ಬೇಲಿ, ಆಮೇಲೆ ಹೆಣ್ಣು ನಾಯಿಗೆ ಶಸ್ತ್ರಚಿಕಿತ್ಸೆ, ಅದರ ಗಾಯ ಮಾಗಿದ ಮೇಲೆ ಹೊಸ ನಾಯಿ. ಸಾಕಿದವರು ಅಷ್ಟು ದಿನ ತಡೆಯಬಲ್ಲರೇ ಎಂದು ಕೇಳಬೇಕು. ತಡೆಯಲಾರರಾದರೆ ಬೇರೆ ಮನೆ ಹುಡುಕಲು ಅವರಿಗೆ ನೆರವಾಗುವುದೇ ನಾಯಿಗೂ ಮಾಡಿದ ಉಪಕಾರ.

ಒಪ್ಪಂದ ಬರವಣಿಗೆಯಲ್ಲಿರಲಿ

ಒಂದು ತಿಂಗಳು ನೋಡಿ, ಹೊಂದಿಕೆಯಾಗದಿದ್ದರೆ ವಾಪಸು ಪಡೆಯುವುದಾಗಿ ಒಂದು ಚೀಟಿಯಲ್ಲಿ ಬರೆಸಿ, ಎರಡೂ ಕಡೆಯವರು ರುಜು ಮಾಡಬೇಕು. ಲಸಿಕೆಯ ಪುಸ್ತಕವನ್ನು ಅಂದೇ ಪಡೆಯಬೇಕು. ನಗರ ಪಾಲಿಕೆಯ ಮಿತಿಯಲ್ಲಿ ವಾಸಿಸುವವರು ಪರವಾನಗಿಯ ನಿಯಮಗಳನ್ನು ವಿಚಾರಿಸಿಕೊಳ್ಳಬೇಕು. ಹೊಂದಿಕೆಯಾಗಲಿಲ್ಲವೆಂದು ನಾಯಿಯನ್ನು ಕೆರೆಯ ಅಂಗಳದಲ್ಲೋ ಹೆದ್ದಾರಿಯ ಬದಿಯಲ್ಲೋ ಬಿಟ್ಟು ಬರುವುದು 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯ ಪ್ರಕಾರ ಅಪರಾಧ. ಸದಾ ಗಿಡ್ಡ ಸರಪಳಿಯಲ್ಲಿ ಕಟ್ಟಿಹಾಕುವುದೂ ಅಪರಾಧವೇ. ಹಾಗೆ ಕಟ್ಟಿದ ನಾಯಿ ಕಾವಲು ನಾಯಿಯೂ ಆಗುವುದಿಲ್ಲ, ಕಚ್ಚುವ ನಾಯಿಯಾಗುತ್ತದೆ.

ಬೇಲಿ, ಲಸಿಕೆಯ ಪುಸ್ತಕ, ಶಸ್ತ್ರಚಿಕಿತ್ಸೆ, ಮೊದಲನೆಯ ನಾಯಿಯ ಸ್ವಭಾವ, ದಿನವೂ ಎರಡು ತಟ್ಟೆ ತುಂಬಿಸುವ ಶಕ್ತಿ: ಈ ಐದಕ್ಕೂ ಸಮಾಧಾನದ ಉತ್ತರ ದೊರೆತರೆ ಎರಡನೆಯ ನಾಯಿಯನ್ನು ಧಾರಾಳವಾಗಿ ತರಬಹುದು. ಒಂದಕ್ಕೆ ದೊರೆಯದಿದ್ದರೂ ಅದನ್ನು ಸರಿಪಡಿಸುವವರೆಗೆ ಕಾಯುವುದು ಲೇಸು.