ಐವತ್ತರ ನಂತರ ಹಿಗ್ಗುವ ಸೊಂಟ: ಗ್ರಾಮ ಪಂಚಾಯಿತಿ ಸದಸ್ಯರು ತಿಳಿದಿರಬೇಕಾದ ಅಂಶಗಳು

ವಯಸ್ಸಾದವರು ಸ್ವಲ್ಪ ದಪ್ಪಗಾದರೆ “ಈಗ ಮೈ ತುಂಬಿಕೊಂಡಿದ್ದಾರೆ” ಎಂದು ಸಂತೋಷಪಡುವುದು ಗ್ರಾಮಗಳಲ್ಲಿ ರೂಢಿ. ಬರಗಾಲವನ್ನು ಕಂಡ ತಲೆಮಾರಿನ ಬಾಯಲ್ಲಿ ಈ ಮಾತಿಗೆ ಅರ್ಥವಿತ್ತು. ಆದರೆ ಐವತ್ತು ದಾಟಿದ ಮೇಲೆ ತುಂಬಿಕೊಳ್ಳುವುದು ಬಹುತೇಕ ಮೈಯಲ್ಲ, ಹೊಟ್ಟೆ.

ಮೂವತ್ತು ವರ್ಷದ ನಂತರ ದೇಹದ ಸ್ನಾಯುವು ಪ್ರತಿ ಹತ್ತು ವರ್ಷಕ್ಕೆ ಅಂದಾಜು ಶೇ. 3ರಿಂದ 8ರಷ್ಟು ಕ್ಷೀಣಿಸುತ್ತದೆ. ಅರವತ್ತರ ಬಳಿಕ ಈ ವೇಗ ಇನ್ನೂ ಹೆಚ್ಚುತ್ತದೆ. ಸ್ನಾಯು ಕಡಿಮೆಯಾದಂತೆ ದೇಹಕ್ಕೆ ಬೇಕಾದ ಶಕ್ತಿಯೂ ಕಡಿಮೆಯಾಗುತ್ತದೆ, ಊಟ ಮಾತ್ರ ಹಾಗೆಯೇ ಉಳಿಯುತ್ತದೆ. ಕಳೆ ಕೀಳಲು, ಉದ್ಯೋಗ ಖಾತರಿ ಕಾಮಗಾರಿಯಲ್ಲಿ ಮಣ್ಣು ಹೊರಲು ಹೋಗುತ್ತಿದ್ದ ಮಹಿಳೆ ಮಂಡಿ ನೋವಿನಿಂದ ಮನೆಯಲ್ಲಿ ಉಳಿದರೂ ತಟ್ಟೆಯ ಮುದ್ದೆ, ಅನ್ನ ದುಡಿಯುವ ಕಾಲದ ಅಳತೆಯದೇ ಆಗಿರುತ್ತದೆ. ಅದರೊಂದಿಗೆ ದಿನಕ್ಕೆ ನಾಲ್ಕು ಬಾರಿ ಸಕ್ಕರೆ ಹಾಕಿದ ಚಹಾ, ಸಂಜೆ ಬೇಕರಿ ತಿಂಡಿ ಸೇರುತ್ತವೆ. ಮುಟ್ಟು ನಿಂತ ನಂತರ ಮಹಿಳೆಯರಲ್ಲಿ ಕೊಬ್ಬು ತೊಡೆ, ಪಿರ್ರೆಗಳಿಗಿಂತ ಹೊಟ್ಟೆಯಲ್ಲೇ ಹೆಚ್ಚಾಗಿ ಸಂಗ್ರಹವಾಗುತ್ತದೆ.

ತೂಕದ ಯಂತ್ರ ಇದನ್ನು ಪೂರ್ಣವಾಗಿ ತೋರಿಸುವುದಿಲ್ಲ. ನಾಲ್ಕು ಕಿಲೋ ಸ್ನಾಯು ಕರಗಿ ನಾಲ್ಕು ಕಿಲೋ ಕೊಬ್ಬು ಸೇರಿದರೆ ಯಂತ್ರದ ಮುಳ್ಳು ಕದಲುವುದಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ಮಹಿಳೆಯರಲ್ಲಿ ಶೇ. 24 ಮತ್ತು ಪುರುಷರಲ್ಲಿ ಶೇ. 23 ಮಂದಿ ಅಧಿಕ ತೂಕದವರು. ಅದೇ ಸಮೀಕ್ಷೆಯಲ್ಲಿ ಸೊಂಟ ಮತ್ತು ಪಿರ್ರೆಯ ಸುತ್ತಳತೆಯ ಅನುಪಾತ ಅಪಾಯದ ಮಟ್ಟ ಮುಟ್ಟಿದವರು ಕ್ರಮವಾಗಿ ಶೇ. 57 ಮತ್ತು ಶೇ. 48. ಇವರೆಲ್ಲರೂ 15ರಿಂದ 49 ವರ್ಷದವರು ಎಂಬುದನ್ನು ಗಮನಿಸಬೇಕು. ಅದಕ್ಕಿಂತ ಹಿರಿಯರು ಈ ಲೆಕ್ಕದಲ್ಲಿ ಬಂದೇ ಇಲ್ಲ.

ಹೊಟ್ಟೆಯೊಳಗೆ ಯಕೃತ್ತು, ಕರುಳುಗಳ ಸುತ್ತ ಸೇರುವ ಕೊಬ್ಬು ಇನ್ಸುಲಿನ್ ತನ್ನ ಕೆಲಸ ಮಾಡದಂತೆ ತಡೆಯುತ್ತದೆ. ಮಧುಮೇಹ, ಅಧಿಕ ರಕ್ತದೊತ್ತಡ, ಹೃದಯಾಘಾತ, ಪಾರ್ಶ್ವವಾಯುಗಳಿಗೆ ದಾರಿಯಾಗುವುದು ಹೀಗೆ. ಮುಟ್ಟು ನಿಂತ ನಂತರದ ಸ್ತನ ಕ್ಯಾನ್ಸರ್, ಗರ್ಭಕೋಶದ ಒಳಪದರದ ಕ್ಯಾನ್ಸರ್ ಮತ್ತು ದೊಡ್ಡ ಕರುಳಿನ ಕ್ಯಾನ್ಸರ್‌ಗೂ ಬೊಜ್ಜಿಗೂ ಸಂಬಂಧ ದೃಢಪಟ್ಟಿದೆ. ಮಂಡಿಯದು ನೇರ ಭಾರದ ಲೆಕ್ಕ. ಮಂಡಿ ಸವೆತವಿರುವ ಹಿರಿಯರ ಅಧ್ಯಯನವೊಂದರಲ್ಲಿ ಒಂದು ಕಿಲೋ ತೂಕ ಇಳಿದಾಗ ಪ್ರತಿ ಹೆಜ್ಜೆಯಲ್ಲೂ ಮಂಡಿಯ ಮೇಲಿನ ಭಾರ ಸುಮಾರು ನಾಲ್ಕು ಕಿಲೋ ಇಳಿದದ್ದು ಕಂಡುಬಂದಿದೆ. ನೋವೆಂದು ನಡೆಯದಿರುವುದು, ನಡೆಯದೆ ತೂಕ ಏರುವುದು, ತೂಕ ಏರಿ ನೋವು ಹೆಚ್ಚುವುದು: ಅನೇಕ ಹಿರಿಯರು ಜಗುಲಿಗೆ ಅಂಟಿಕೊಳ್ಳುವುದು ಈ ಸುಳಿಯಿಂದಲೇ.

ಇದನ್ನು ಅಳೆಯಲು ಬೇಕಾದದ್ದು ಒಂದು ಟೇಪು. ಸುತ್ತಳತೆ ಪುರುಷರಲ್ಲಿ 90 ಸೆಂ.ಮೀ., ಮಹಿಳೆಯರಲ್ಲಿ 80 ಸೆಂ.ಮೀ. ಮೀರಬಾರದು. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಯ ಮೇಲಂಚಿಗೂ ನಡುವೆ, ಉಸಿರು ಬಿಟ್ಟ ಮೇಲೆ ಅಳೆಯಬೇಕು. ಪ್ಯಾಂಟಿನ ಅಳತೆಯನ್ನು ಹೇಳಿ ಸಮಾಧಾನಪಡುವ ಪುರುಷರು ಬಹಳ. ಪ್ಯಾಂಟು ನಿಲ್ಲುವುದು ಹೊಟ್ಟೆಯ ಕೆಳಗೆ. ಮಹಿಳೆಯರ ಅಳತೆಯನ್ನು ಆಶಾ ಕಾರ್ಯಕರ್ತೆಯೇ ಮರೆಯಲ್ಲಿ ತೆಗೆಯುವುದು ಸೂಕ್ತ.

ಮೂವತ್ತು ದಾಟಿದವರಿಗಾಗಿ ಆಶಾ ಕಾರ್ಯಕರ್ತೆಯರು ಭರ್ತಿ ಮಾಡುವ ಸಿಬ್ಯಾಕ್ ನಮೂನೆಯಲ್ಲಿ ಈ ಸುತ್ತಳತೆಗೆ ಅಂಕವಿದೆ. ವಯಸ್ಸು, ತಂಬಾಕು, ಮದ್ಯ, ದೈಹಿಕ ಚಟುವಟಿಕೆ, ಕುಟುಂಬದ ಕಾಯಿಲೆಗಳಿಗೂ ಅಂಕಗಳಿವೆ. ಒಟ್ಟು ನಾಲ್ಕು ಮೀರಿದವರನ್ನು ಆದ್ಯತೆಯ ಮೇಲೆ ತಪಾಸಣೆಗೆ ಕರೆತರಬೇಕು. ಅಳೆಯದೆ ಅಂದಾಜಿನಲ್ಲಿ ಬರೆದ ಅಂಕದಿಂದ ಪ್ರಯೋಜನವಿಲ್ಲ. ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯ ಸಭೆಯಲ್ಲಿ ಸದಸ್ಯರು ತಮ್ಮ ವಾರ್ಡಿನ ಎಷ್ಟು ನಮೂನೆಗಳು ಭರ್ತಿಯಾಗಿವೆ, ಎಷ್ಟು ಮಂದಿ ತಪಾಸಣೆಗೆ ಹೋಗಿದ್ದಾರೆ ಎಂದು ಕೇಳಬಹುದು. ಸಂಧ್ಯಾ ಸುರಕ್ಷಾ ಪಿಂಚಣಿದಾರರ ಪಟ್ಟಿಯೊಂದಿಗೆ ಹೋಲಿಸಿದರೆ ಬಿಟ್ಟುಹೋದ ಹಿರಿಯರು ಯಾರೆಂಬುದು ಗೊತ್ತಾಗುತ್ತದೆ.

ವಾರಕ್ಕೆ ಒಟ್ಟು 150 ನಿಮಿಷ ಬಿರುಸಿನ ನಡಿಗೆ ಹಿರಿಯರಿಗೂ ಅನ್ವಯಿಸುತ್ತದೆ. ಜೊತೆಗೆ ವಾರದಲ್ಲಿ ಎರಡು ದಿನ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ ಬೇಕು. ಕುರ್ಚಿಯಿಂದ ಕೈ ಊರದೆ ಹತ್ತು ಬಾರಿ ಎದ್ದು ಕೂರುವುದೂ ಅಂಥ ವ್ಯಾಯಾಮವೇ. ಆದರೆ ನಡೆಯಿರಿ ಎಂದು ಹೇಳುವ ಮೊದಲು ನಡೆಯಲು ಜಾಗವಿದೆಯೇ ಎಂದು ನೋಡಬೇಕಾದವರು ಪಂಚಾಯಿತಿಯವರು. ಕೆರೆ ಏರಿಯ ಮೇಲೆ ನಾಲ್ಕು ದೀಪ, ಶಾಲಾ ಮೈದಾನದ ಅಂಚಿನಲ್ಲಿ ಸಮತಟ್ಟಾದ ದಾರಿ, ನಡುವೆ ಕೂರಲು ಎರಡು ಕಲ್ಲುಬೆಂಚು ಇದ್ದರೆ ಮಂಡಿ ನೋವಿನವರೂ ಹೊರಬರುತ್ತಾರೆ. ಇವು ಸಣ್ಣ ಕಾಮಗಾರಿಗಳು. ವಾರ್ಡ್ ಸಭೆಯ ಬೇಡಿಕೆ ಪಟ್ಟಿಯಲ್ಲಿ ಮಾತ್ರ ಅಪರೂಪ.

ಹಿರಿಯರನ್ನು ಉಪವಾಸ ಕೆಡವುವುದು ತಪ್ಪು. ಊಟ ಬಿಟ್ಟರೆ ಕೊಬ್ಬಿನೊಂದಿಗೆ ಉಳಿದಿರುವ ಸ್ನಾಯುವೂ ಕರಗಿ, ಬಿದ್ದು ಮೂಳೆ ಮುರಿದುಕೊಳ್ಳುವ ಸಂಭವ ಹೆಚ್ಚುತ್ತದೆ. ಅನ್ನ, ಎಣ್ಣೆ, ಸಕ್ಕರೆ ಕಡಿಮೆ ಮಾಡಿ, ಬೇಳೆ, ಕಾಳು, ಮೊಟ್ಟೆ, ಮಜ್ಜಿಗೆ, ಸೊಪ್ಪು ಹೆಚ್ಚಿಸಬೇಕು. ಮುದ್ದೆ ಒಳ್ಳೆಯದೇ, ಆದರೆ ಅದಕ್ಕೂ ಅಳತೆ ಬೇಕು. ಮಧುಮೇಹಕ್ಕೆ ಮಾತ್ರೆ ಅಥವಾ ಇನ್ಸುಲಿನ್ ಪಡೆಯುತ್ತಿರುವವರು ವೈದ್ಯರನ್ನು ಕೇಳದೆ ಊಟ ಕಡಿತಗೊಳಿಸಬಾರದು. ಪ್ರಯತ್ನವಿಲ್ಲದೆ ತೂಕ ಇಳಿಯುತ್ತಿರುವ ಹಿರಿಯರನ್ನು ತಡಮಾಡದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳುಹಿಸಬೇಕು. ಅದು ಕ್ಷಯ, ಮಧುಮೇಹ ಅಥವಾ ಕ್ಯಾನ್ಸರ್‌ನ ಲಕ್ಷಣವಾಗಿರಬಹುದು.